ಹಾಸಿದ ಜಮಖಾನೆ, ಬಿಟ್ಟುಕೊಟ್ಟ ಪಡಸಾಲೆ: ಧಾರವಾಡ ಸೀಮೆಯ ತಂಗುದಾಣಗಳ ಚರಿತ್ರೆ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಭಾಗದ ಹಳ್ಳಿಗಳಲ್ಲಿ ಹಣ ಕೊಟ್ಟು ರಾತ್ರಿ ಕಳೆಯುವ ಜಾಗವೆಂಬುದು ಬಹುಕಾಲ ಇರಲಿಲ್ಲ. ಊರಿಗೆ ಬಂದವನು ಯಾರು, ಯಾವ ಕೆಲಸಕ್ಕೆ ಬಂದಿದ್ದಾನೆ ಎಂಬುದರ ಮೇಲೆ ಅವನು ಉಳಿಯುವ ಜಾಗ ನಿಶ್ಚಯವಾಗುತ್ತಿತ್ತು. ಸರ್ಕಾರದ ಕಡೆಯವರು ಚಾವಡಿಯಲ್ಲಿ ಇಳಿಯುತ್ತಿದ್ದರು. ಜಂಗಮರಿಗೆ, ಯಾತ್ರಿಕರಿಗೆ ಮಠವಿತ್ತು. ದಾರಿಹೋಕರು ಗುಡಿಯ ಪೌಳಿಯಲ್ಲಿ ಗಂಟುಮೂಟೆ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದರು. ಬೀಗರು, ನೆಂಟರು ಪಡಸಾಲೆಯವರು. ಗವಾಯಿಗಳಿಗೆ, ಪಂಡಿತರಿಗೆ ಊರ ದೊಡ್ಡ ಮನೆತನದ ವಾಡೆ ತೆರೆದಿರುತ್ತಿತ್ತು. ಈ ಏರ್ಪಾಡಿನಲ್ಲಿ ಜಾತಿಯ ಗೆರೆ ಬಿಗಿಯಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಅಸ್ಪೃಶ್ಯರೆನಿಸಿಕೊಂಡವರಿಗೆ ಊರ ಹೊರಗಿನ ತಮ್ಮವರ ಕೇರಿಯೊಂದೇ ಆಸರೆ. ಗುಡಿಯ ಪೌಳಿಯೂ ಅವರಿಗೆ ಮುಚ್ಚಿತ್ತು.

ಈ ಪದ್ಧತಿಯ ಇನ್ನೊಂದು ಮುಖ ಅದರ ಸುತ್ತ ಬೆಳೆದ ಕಲೆ. ಈ ಸೀಮೆಗೆ ಹೆಸರು ತಂದ ಕಸುಬುಗಳಲ್ಲಿ ಹೆಚ್ಚಿನವು ಮನೆಗೆ ಬಂದವರಿಗೆ ಜಾಗ ಮಾಡಿಕೊಡುವ ಸಲುವಾಗಿಯೇ ಬಳಕೆಯಲ್ಲಿದ್ದವು. ನವಲಗುಂದದ ಜಮಖಾನೆ ಬಂದವರು ಕೂರಲು, ಮನೆಮನೆಯ ಕೌದಿ ಅವರು ಹೊದೆಯಲು, ಕಲಘಟಗಿಯ ಬಣ್ಣದ ತೊಟ್ಟಿಲು ಬಾಣಂತನಕ್ಕೆ ಬಂದ ಮಗಳ ಕೂಸಿಗೆ. ಕುಂದಗೋಳದ ವಾಡೆಯಲ್ಲಂತೂ ಉಳಿದುಕೊಂಡವರೇ ಕಲಾವಿದರು. ಗೋಡೆಗೆ ತೂಗುಹಾಕಿ ದೂರದಿಂದ ನೋಡುವ ಅಂದ ಇಲ್ಲಿ ಕಡಿಮೆ. ಕೂತು, ಮಲಗಿ, ಕೇಳಿ ಅನುಭವಿಸುವ ಅಂದವೇ ಹೆಚ್ಚು.

ಈ ಭಾಗದಲ್ಲಿ ಬಂದವರಿಗೆ ಅನ್ನ ಮತ್ತು ನೆಲೆ ಕೊಡುವ ಸಂಸ್ಥೆಗಳ ಚರಿತ್ರೆ ಚಾಲುಕ್ಯರ ಕಾಲದಷ್ಟು ಹಿಂದಕ್ಕೆ ಹೋಗುತ್ತದೆ. ಅಣ್ಣಿಗೇರಿ ಆಗ ಬೆಳ್ವೊಲ ಮುನ್ನೂರು ನಾಡಿನ ಮುಖ್ಯ ಪಟ್ಟಣ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ವಂಶದವಳೆಂದು ಪಂಪನ ತಮ್ಮ ಜಿನವಲ್ಲಭ ಬರೆಸಿದ ಕುರಿಕ್ಯಾಲದ ಶಾಸನ ಹೇಳುತ್ತದೆ. ಹನ್ನೊಂದನೆಯ ಶತಮಾನದ ನಡುವೆ ಇಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯ, ಚಾಲುಕ್ಯ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಕೈಹಾಕಿದ ಮೊದಮೊದಲ ಕಟ್ಟಡಗಳಲ್ಲೊಂದು. ರಾಜಧಾನಿ ಕಲ್ಯಾಣ ಕೈತಪ್ಪುತ್ತಿದ್ದ ಹೊತ್ತಿನಲ್ಲಿ, 1180ರ ದಶಕದಲ್ಲಿ, ಚಾಲುಕ್ಯ ಅರಸ ನಾಲ್ವಡಿ ಸೋಮೇಶ್ವರ ಅಣ್ಣಿಗೇರಿಯನ್ನೇ ರಾಜಧಾನಿ ಮಾಡಿಕೊಂಡಿದ್ದ. ಅಂದಿನ ದೇವಾಲಯವೆಂದರೆ ಪೂಜೆಯ ಸ್ಥಳ ಮಾತ್ರವಲ್ಲ. ದೇವರ ಅಂಗಭೋಗ, ರಂಗಭೋಗದ ಜೊತೆಗೆ ತಪಸ್ವಿಗಳ ಆಹಾರದಾನಕ್ಕೂ ಸತ್ರಕ್ಕೂ ಭೂಮಿ ಬಿಟ್ಟ ವಿವರ ಆ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಥ ಏರ್ಪಾಡು ಎಷ್ಟು ವಿಸ್ತಾರವಾಗಿರಬಲ್ಲದು ಎಂಬುದಕ್ಕೆ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಒಳ್ಳೆಯ ಸಾಕ್ಷಿ. ಆ ಮಠದಲ್ಲಿ ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಔಷಧ ಸಿಗುತ್ತಿತ್ತು. ವಿದ್ಯೆ ಕಲಿಸುವುದೂ ಅಲ್ಲೇ ನಡೆಯುತ್ತಿತ್ತು. ಆ ಕಾಲದ ಮಂಟಪಗಳಲ್ಲಿ ಎರಡು ಬದಿಗೆ ಓಡುವ ಕಲ್ಲಿನ ಕಕ್ಷಾಸನಗಳಿವೆ. ತಿರುಗಣೆಯಲ್ಲಿ ಕಡೆದಂತೆ ನುಣುಪಾದ ಕಂಬಕ್ಕೆ ಬೆನ್ನು ಕೊಟ್ಟು ಕೂರುವ ಆ ತಂಪು ಜಾಗ ದೂರದಿಂದ ನಡೆದು ಬಂದವರಿಗೆ ದೇವರ ದರ್ಶನದಷ್ಟೇ ಬೇಕಾದದ್ದು.

ಚಾಲುಕ್ಯರ ನಂತರ ಆ ಹೊಣೆಯನ್ನು ದೊಡ್ಡ ಪ್ರಮಾಣದಲ್ಲಿ ಹೊತ್ತವು ವೀರಶೈವ ಮಠಗಳು. ದಾಸೋಹದ ಒಲೆ ಆರದಂತೆ ನೋಡಿಕೊಳ್ಳುವುದು ಮಠದ ಮರ್ಯಾದೆಯ ಪ್ರಶ್ನೆಯಾಗಿತ್ತು. ಅವುಗಳ ಜೊತೆಗೆ ನವಲಗುಂದದ ಅಜಾತ ನಾಗಲಿಂಗಸ್ವಾಮಿಗಳ ಮಠ, ಹುಬ್ಬಳ್ಳಿಯ ಸಿದ್ಧಾರೂಢಸ್ವಾಮಿಗಳ ಮಠ ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಸುತ್ತಣ ಹಳ್ಳಿಗಳ ಜನರಿಗೆ ತಂಗುದಾಣಗಳಾದವು.

ಮನೆಯ ಮಟ್ಟದಲ್ಲಿ ಅತಿಥಿಯ ಜಾಗ ಪಡಸಾಲೆ. ಕರಿಮಣ್ಣಿನ ಎರೆಸೀಮೆಯ ಮನೆಗಳು ದಪ್ಪ ಮಣ್ಣಿನ ಗೋಡೆಯವು, ಮೇಲೆ ಮಣ್ಣಿನ ಮಾಳಿಗೆ. ಹೊರಗಿನ ಬಿಸಿಲು ಎಷ್ಟೇ ಉರಿದರೂ ಒಳಗೆ ತಂಪು ಉಳಿಯುವುದು ಈ ದಪ್ಪದಿಂದ. ದೊಡ್ಡ ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನ ಕಟ್ಟುವ ಜಾಗ, ಅದಕ್ಕಿಂತ ಒಂದು ಮಟ್ಟ ಎತ್ತರದಲ್ಲಿ ಪಡಸಾಲೆ, ಅದರಾಚೆ ಅಡಿಗೆಮನೆ ಮತ್ತು ದೇವರಮನೆ. ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ನೇರ ಕೆಳಗಿಳಿಯುತ್ತದೆ. ಸಾಗವಾನಿಯ ಕಂಬ, ಅದರ ತಲೆಯ ಮೇಲೆ ಗಿಳಿ, ಬಾಳೆಮೊಗ್ಗು, ಬಳ್ಳಿ ಕೆತ್ತಿದ ಬೋದಿಗೆ, ಅದರ ಮೇಲೆ ತೊಲೆ. ಉಳ್ಳವರ ಮನೆಯಲ್ಲಿ ಬಡಿಗರ ಕೈಚಳಕವೆಲ್ಲ ಪಡಸಾಲೆಯ ಈ ಕಂಬಗಳಿಗೂ ತಲೆಬಾಗಿಲಿಗೂ ಮೀಸಲು. ಒಳಕೋಣೆಗಳ ಮರಗೆಲಸ ಸಾದಾ. ಹೊರಗಿನವರ ಕಣ್ಣಿಗೆ ಬೀಳುವ ಜಾಗಕ್ಕೆ ಮನೆಯವರು ಎಷ್ಟು ಬೆಲೆ ಕೊಡುತ್ತಿದ್ದರು ಎಂಬುದು ಮರಗೆಲಸದ ಈ ವ್ಯತ್ಯಾಸದಲ್ಲೇ ತಿಳಿಯುತ್ತದೆ. ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು ಮತ್ತು ಬೆಲ್ಲ. ಅಷ್ಟರಲ್ಲಿ ಪಡಸಾಲೆಯ ನೆಲಕ್ಕೆ ಜಮಖಾನೆ ಬಿದ್ದಿರುತ್ತಿತ್ತು.

ಜಮಖಾನೆಯ ಊರು ನವಲಗುಂದ. ಅಲ್ಲಿನ ನೇಕಾರ ಮನೆತನಗಳು ಬಿಜಾಪುರದಿಂದ ಬಂದವೆಂಬುದು ಅವರಲ್ಲಿ ತಲೆಮಾರಿನಿಂದ ಬಂದ ಹೇಳಿಕೆ. ಅಲಿ ಆದಿಲ್ ಶಾಹನ ಕಾಲದಲ್ಲಿ, ವಿಜಯನಗರದೊಂದಿಗಿನ ಯುದ್ಧಗಳ ಗದ್ದಲದಲ್ಲಿ, ನೆಮ್ಮದಿಯ ನೆಲೆ ಹುಡುಕುತ್ತ ಅವರು ದಕ್ಷಿಣಕ್ಕೆ ಸರಿದರಂತೆ. ನವಲಗುಂದ ಅವರಿಗೆ ಒಗ್ಗಿದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಸುತ್ತ ನೂರಾರು ಹಳ್ಳಿಗಳ ಎರೆಹೊಲದಲ್ಲಿ ಹತ್ತಿ, ನೂಲುವ ಕೈಗಳು, ಕೊಳ್ಳುವ ಗೌಡ-ದೇಸಾಯಿ ಮನೆತನಗಳು, ಮಠಗಳು. ಜಮಖಾನ ಗಲ್ಲಿ ಎಂಬ ಓಣಿ ಆ ಊರಲ್ಲಿ ಇಂದಿಗೂ ಇದೆ.

ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ಮಗ್ಗ ನೆಲದ ಗುಂಡಿಯದಲ್ಲ. ಗೋಡೆಗೆ ಒರಗಿಸಿದಂತೆ ನಿಲ್ಲಿಸಿದ ದೊಡ್ಡ ಚೌಕಟ್ಟು. ಅದರಲ್ಲಿ ಮೇಲಿಂದ ಕೆಳಗೆ ಹಾಸನ್ನು ಬಿಗಿಯುತ್ತಾರೆ. ಬಣ್ಣದ ಹತ್ತಿನೂಲಿನ ಹೊಕ್ಕನ್ನು ಲಾಳಿಯಿಲ್ಲದೆ ಕೈಯಿಂದಲೇ ಎಳೆ ಎಳೆಯಾಗಿ ತೂರಿಸಿ, ಕಬ್ಬಿಣದ ಹಲ್ಲುಗಳ ಪಂಜಾದಿಂದ ಕುಟ್ಟಿ ಕುಟ್ಟಿ ಕೂರಿಸುತ್ತಾರೆ. ಹೊಕ್ಕು ಹಾಸನ್ನು ಪೂರ್ತಿ ಮುಚ್ಚುವುದರಿಂದ ಎರಡೂ ಮಗ್ಗುಲು ಒಂದೇ ಚಿತ್ರ, ಒಂದೇ ಬಣ್ಣ. ಒಂದು ಕಡೆ ಸವೆದರೆ ಮಗುಚಿ ಹಾಸಬಹುದು. ಅಗಲವಾದ ಜಮಖಾನೆಯಾದರೆ ಇಬ್ಬರು ಮೂವರು ಪಕ್ಕಪಕ್ಕ ಕೂತು, ಒಬ್ಬರ ಚಿತ್ರ ಇನ್ನೊಬ್ಬರ ಚಿತ್ರಕ್ಕೆ ಸರಿಯಾಗಿ ಕೂಡುವಂತೆ ಲೆಕ್ಕ ಹಿಡಿದು ನೇಯಬೇಕು. ಎದುರಿಗೆ ನಕ್ಷೆಯ ಹಾಳೆ ಇಟ್ಟುಕೊಳ್ಳುವ ವಾಡಿಕೆಯಿಲ್ಲ. ಎಳೆಗಳ ಎಣಿಕೆಯೆಲ್ಲ ನೆನಪಿನಲ್ಲಿ.

ಚಿತ್ರಗಳಲ್ಲಿ ಮೇಲುಗೈ ಚೌಕ, ಮೂಲೆಗೆರೆ, ಮೆಟ್ಟಿಲಂಚುಗಳದು. ನೇರ ಎಳೆಯಲ್ಲಿ ದುಂಡು ಆಕಾರ ತರುವುದು ಕಷ್ಟವಾದ್ದರಿಂದ ನವಿಲು ಕೂಡ ಕೋನ ಕೋನವಾಗಿಯೇ ನಿಲ್ಲುತ್ತದೆ. ಹಾಗೆ ನಿಂತೂ ನವಿಲಿನ ಬಿಂಕ ಬಿಟ್ಟುಕೊಡುವುದಿಲ್ಲ ಎಂಬುದು ಆ ನೇಕಾರ್ತಿಯರ ಸಾಮರ್ಥ್ಯ. ಕೆಲವು ಜಮಖಾನೆಗಳ ನಡುವೆ ಪಗಡೆಯ ಹಾಸನ್ನೇ ನೇಯುತ್ತಿದ್ದರು. ಬಂದವರು ಊಟವಾದ ಮೇಲೆ ಎದ್ದು ಹೋಗುವ ಬದಲು ಅದೇ ಹಾಸಿನ ಮೇಲೆ ಕವಡೆ ಚೆಲ್ಲಿ ಆಟಕ್ಕೆ ಕೂರಲಿ ಎಂಬ ಆಸೆ ಆ ಚಿತ್ರದಲ್ಲಿದೆ. ನಮಾಜಿನ ಹಾಸುಗಳನ್ನೂ ಇದೇ ಮಗ್ಗದಲ್ಲಿ ನೇಯುತ್ತಿದ್ದರು. ಲಿಂಗಾಯತ ಮಠದ ಸಭೆಗೂ ಮಸೀದಿಯ ಪ್ರಾರ್ಥನೆಗೂ ಹಾಸು ಒಂದೇ ಓಣಿಯಿಂದ ಹೋಗುತ್ತಿತ್ತು.

ಬ್ರಿಟಿಷರ ಕಾಲದ ಗೆಜೆಟಿಯರುಗಳು ನವಲಗುಂದವನ್ನು ಹತ್ತಿಯ ಜಮಖಾನೆಗಳಿಗೂ ಒಳ್ಳೆಯ ದನಗಳಿಗೂ ಹೆಸರಾದ ಊರೆಂದು ಗುರುತಿಸಿವೆ. ನೇಯ್ಗೆಯ ವಿದ್ಯೆ ಮನೆಯಿಂದ ಹೊರಗೆ ಹೋಗಬಾರದೆಂದು ಮಗಳಿಗಿಂತ ಸೊಸೆಗೇ ಕಲಿಸುತ್ತಿದ್ದರೆಂಬ ಮಾತು ಆ ಗಲ್ಲಿಯಲ್ಲಿದೆ. ಕಸುಬನ್ನು ಕಾಪಾಡಿದ ಈ ಕಟ್ಟುಪಾಡೇ ಮುಂದೆ ಅದಕ್ಕೆ ಮುಳುವಾಯಿತು. ಬೇಡಿಕೆ ಕುಸಿದಾಗ ಕಲಿತವರ ಬಳಗ ತೀರ ಚಿಕ್ಕದಾಗಿತ್ತು. 2011ರಲ್ಲಿ ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿತು. ಹೆಸರಿಗೆ ರಕ್ಷಣೆ ದೊರೆತರೂ, ಗಿರಣಿಯಲ್ಲಿ ತಯಾರಾದ ಅಗ್ಗದ ಹಾಸಿನ ಎದುರು ದಿನಗಟ್ಟಲೆ ಕೂತು ನೇಯುವವರ ಕೂಲಿ ಗಿಟ್ಟುವಂತೆ ಮಾಡುವುದು ಬೇರೆಯೇ ಸಮಸ್ಯೆ. ಅದು ಇನ್ನೂ ಬಗೆಹರಿದಿಲ್ಲ.

ಜಮಖಾನೆ ಕೊಂಡು ತರುವ ವಸ್ತು, ಕೌದಿ ಮನೆಯಲ್ಲೇ ಹುಟ್ಟುವಂಥದು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ಚೂರುಗಳನ್ನು ಜೋಡಿಸಿ, ಅಂಚಿನಿಂದ ನಡುವಿಗೆ ಸುತ್ತಿ ಬರುವ ಸಣ್ಣ ಹೊಲಿಗೆಯಿಂದ ಬಂಧಿಸಿದ ಹೊದಿಕೆ ಇದು. ಬೇಸಿಗೆಯಲ್ಲಿ, ಹೊಲದ ಕೆಲಸ ಮುಗಿದ ದಿನಗಳಲ್ಲಿ, ನಾಲ್ಕಾರು ಮನೆಯ ಹೆಂಗಸರು ಕೂಡಿ ಹೊಲಿಯುತ್ತಿದ್ದರು. ಪಡಸಾಲೆಯ ಮೂಲೆಯಲ್ಲಿ ಮಡಿಸಿ ಪೇರಿಸಿಟ್ಟ ಕೌದಿಗಳ ಎತ್ತರ ನೋಡಿ ಆ ಮನೆಗೆ ಎಷ್ಟು ಜನ ಬಂದುಹೋಗುತ್ತಾರೆಂದು ಅಳೆಯಬಹುದಿತ್ತು. ಕಲಘಟಗಿಯ ಕಾಡಿನಂಚಿನಲ್ಲೂ, ಅದಕ್ಕೆ ಹತ್ತಿದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯಲ್ಲೂ ಇರುವ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳದು ಬೇರೆಯೇ ಲಯ. ಅವುಗಳ ನಾಲ್ಕು ಮೂಲೆಗೂ ಹೂವಿನ ಹೆಸರಿನ ಮಡಿಕೆಯ ತ್ರಿಕೋನಗಳಿರುತ್ತವೆ. ಅವಿಲ್ಲದೆ ಕೌದಿ ಪೂರ್ತಿಯಾಗುವುದಿಲ್ಲ. ಈಗ ಇವು ಕಲಾ ಪ್ರದರ್ಶನಗಳ ಗೋಡೆ ಏರಿವೆ. ಹೊಲಿದವರಿಗೆ ಹೆಸರು ಬಂದಿದ್ದು ನ್ಯಾಯವೇ. ಆದರೆ ಮೈಮೇಲೆ ಬಿದ್ದಾಗಿನ ಭಾರ, ಮೆತ್ತನೆ, ಹಳೆಯ ಹತ್ತಿಯ ಬಿಸುಪು ಗೋಡೆಯ ಮೇಲಿನ ಕೌದಿಯಿಂದ ತಿಳಿಯುವುದಿಲ್ಲ.

ಒಬ್ಬ ಅತಿಥಿ ತಿಂಗಳುಗಟ್ಟಲೆ ಉಳಿಯುವುದು ಬಾಣಂತನದಲ್ಲಿ. ಚೊಚ್ಚಲ ಬಸಿರಿ ತವರಿಗೆ ಬಂದು, ಹೆತ್ತು, ಮೈ ಗಟ್ಟಿಯಾದ ಮೇಲೆ ಕೂಸಿನೊಂದಿಗೆ ಗಂಡನ ಮನೆಗೆ ಮರಳುವುದು ಈ ಸೀಮೆಯ ರೂಢಿ. ಆಗ ತವರಿನವರು ಕೊಡುವ ವಸ್ತುಗಳಲ್ಲಿ ಹೆಚ್ಚಿನದು ಕಲಘಟಗಿಯ ತೊಟ್ಟಿಲು. ಸಾಗವಾನಿ ಬೆಳೆಯುವ ಕಾಡಿನ ಮಗ್ಗುಲಲ್ಲಿ ಈ ಕಸುಬು ನೆಲೆಗೊಂಡಿದ್ದು ಸಹಜ. ಚಿತ್ರಗಾರ ಮನೆತನದವರು ತೊಟ್ಟಿಲಿನ ಹಲಗೆಗಳ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳನ್ನು ಬರೆಯುತ್ತಾರೆ. ದುಂಡನೆಯ ಕಾಲು, ಗುಬ್ಬಿಗಳಿಗೆ ತಿರುಗಣೆಯ ಮೇಲೆ ಬಣ್ಣದ ಅರಗನ್ನು ಒತ್ತುತ್ತಾರೆ. ತಿರುಗುವ ಮರದ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಚಿತ್ರಕ್ಕೂ ಅರಗಿನ ಹೊದಿಕೆ ಇರುವುದರಿಂದ ಬಣ್ಣ ತಲೆಮಾರುಗಳವರೆಗೆ ಮಾಸುವುದಿಲ್ಲ. ಒಂದು ಮನೆಯ ತೊಟ್ಟಿಲು ಆ ಮನೆಯಲ್ಲೇ ಕೂರುವುದೂ ಇಲ್ಲ. ಓಣಿಯಲ್ಲಿ, ಬಳಗದಲ್ಲಿ ಎಲ್ಲಿ ಹೆರಿಗೆಯಾದರೂ ಅಲ್ಲಿಗೆ ಹೊತ್ತೊಯ್ಯುತ್ತಾರೆ. ನಟ ಅಂಬರೀಶ್ ತಾವು ತೀರಿಕೊಳ್ಳುವ ಮುನ್ನ ನಟ ಯಶ್ ಅವರ ಮಗುವಿಗಾಗಿ ಇಲ್ಲಿ ತೊಟ್ಟಿಲು ಮಾಡಲು ಹೇಳಿದ್ದರು. 2019ರಲ್ಲಿ ಅದು ತಲುಪಿದ ಸುದ್ದಿಯಿಂದ ಕಲಘಟಗಿಯ ಹೆಸರು ಮತ್ತೆ ನಾಡಿಗೆಲ್ಲ ಕೇಳಿಸಿತು.

ಕಲಘಟಗಿ ಕಡಲಿನ ದಾರಿಯ ಊರೂ ಹೌದು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ಹಾದು ಅರಬೈಲು ಘಟ್ಟ ಇಳಿದರೆ ಅಂಕೋಲೆ, ಕಾರವಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಅರಳೆ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಆ ಅರಳೆಗೆ ಬೆಳೆದ ಊರಿನ ಹೆಸರಿರಲಿಲ್ಲ, ಹಡಗು ಹತ್ತಿದ ಕುಮಟಾದ ಹೆಸರಿತ್ತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಅರಳೆಗೆ ಚಿನ್ನದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ, ಕಾರವಾರವನ್ನು ಈ ಅರಳೆಯ ಬಂದರಾಗಿ ಬೆಳೆಸುವ ಉದ್ದೇಶವೂ ಇತ್ತು.

ಈ ವ್ಯಾಪಾರ ತಂಗುದಾಣಗಳ ಸ್ವರೂಪವನ್ನೇ ಬದಲಿಸಿತು. ಬಂಡಿಗಳ ಸಾಲು ರಾತ್ರಿ ನಿಲ್ಲಲು ನೀರು, ಮೇವು, ಬಯಲು ಬೇಕು. ದಾರಿಯ ಊರುಗಳ ಕೆರೆದಂಡೆ, ತೋಪುಗಳು ಬಂಡಿಯವರ ಬಿಡಾರಗಳಾದವು. ಘಟ್ಟ ಹತ್ತುವಾಗ ಉಪ್ಪು, ತೆಂಗಿನಕಾಯಿ ಬರುತ್ತಿದ್ದವು. ಸರ್ಕಾರ ರಸ್ತೆಯುದ್ದಕ್ಕೂ ಸಾಹೇಬರಿಗೆ ಬಂಗಲೆ, ಜನರಿಗೆ ಧರ್ಮಶಾಲೆ ಎಂದು ಬೇರೆಬೇರೆ ಕಟ್ಟಡಗಳನ್ನು ಕಟ್ಟಿಸಿತು. ಹೆಂಚಿನ ಮಾಡು, ಸುತ್ತ ಜಗಲಿ, ಎತ್ತರದ ಕಿಟಕಿ, ಆರಾಮಕುರ್ಚಿ ಇದ್ದ ಬಂಗಲೆ ಈ ಸೀಮೆಗೆ ಹೊಸ ಮಾದರಿ. ಅಲ್ಲಿ ಉಳಿಯುವವನಿಗೆ ಊರವರ ಪರಿಚಯ ಬೇಕಿರಲಿಲ್ಲ, ಅಧಿಕಾರಿಯ ಚೀಟಿ ಸಾಕಿತ್ತು. ಕಡಲ ತೀರದ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಟಾಗೋರರ ಸರ್ಕಾರಿ ಮನೆಗೆ 1880ರ ದಶಕದ ಆರಂಭದಲ್ಲಿ ತಮ್ಮ ರವೀಂದ್ರನಾಥರು ಬಂದು ಉಳಿದದ್ದು, ಅಲ್ಲಿ ನಾಟಕವೊಂದನ್ನು ಬರೆದದ್ದು ಇದೇ ಕಾಲದ ಘಟನೆ. ಆ ದಶಕದಲ್ಲೇ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಹುಬ್ಬಳ್ಳಿ, ಅಣ್ಣಿಗೇರಿ, ಕುಂದಗೋಳಗಳನ್ನು ಮುಟ್ಟಿದವು. ಅರಳೆ ರೈಲು ಹತ್ತಿ ಮರ್ಮಗೋವೆಗೂ ಮುಂಬಯಿಗೂ ಹೋಗತೊಡಗಿತು. ಕುಮಟಾದ ದಾರಿಯ ಬಿಡಾರಗಳು ಬರಿದಾದವು.

ರೈಲು ಬಿಡಾರಗಳನ್ನು ಕಸಿದುಕೊಂಡರೂ ಕುಂದಗೋಳಕ್ಕೆ ಅದು ಕೊಟ್ಟದ್ದು ದೊಡ್ಡದು. ಕುಂದಗೋಳ ಆಗ ಧಾರವಾಡ ಜಿಲ್ಲೆಯ ನಡುವೆ ಇದ್ದರೂ ಬ್ರಿಟಿಷರ ನೇರ ಆಳ್ವಿಕೆಯದಲ್ಲ, ಪಟವರ್ಧನರ ಜಮಖಂಡಿ ಸಂಸ್ಥಾನದ ತಾಲ್ಲೂಕು. 1948ರಲ್ಲಿ ಸಂಸ್ಥಾನ ವಿಲೀನವಾಗುವವರೆಗೂ ಹಾಗೇ ಇತ್ತು. ಊರಿನ ಜಮೀನುದಾರ ಮನೆತನ ನಾಡಗೇರರದು. ಅವರ ವಾಡೆಯಲ್ಲಿ ಗಣೇಶ ಸೌಂಶಿ ಎಂಬುವರು ಗುಮಾಸ್ತರಾಗಿದ್ದರು. ಅವರ ಮಗ ರಾಮಚಂದ್ರ, 1886ರಲ್ಲಿ ಅಮರಗೋಳದಲ್ಲಿ ಹುಟ್ಟಿದವರು, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಮಿರಜಿನಿಂದ ಮೈಸೂರು ಕಡೆಗೆ ಹೋಗಿಬರುವಾಗ ಧಾರವಾಡ ಸೀಮೆಯಲ್ಲಿ ಇಳಿಯುತ್ತಿದ್ದರು. ಕುಂದಗೋಳದ ವಾಡೆಯೂ ಅವರಿಗೆ ಆತಿಥ್ಯ ಕೊಟ್ಟಿತ್ತು. ಗುಮಾಸ್ತನ ಮಗನಿಗೆ ಅಂಥ ಗುರು ಸಿಕ್ಕಿದ್ದಕ್ಕೆ ವಾಡೆಯ ತೆರೆದ ಬಾಗಿಲೂ ಕಾರಣ. ಅತಿಥಿ ಉಳಿದ ಜಾಗದಲ್ಲಿ ವಿದ್ಯೆ ಉಳಿಯಿತು.

ಗುರುವಿನ ಬಳಿ ಎಂಟು ವರ್ಷ ಕಲಿತು, ನಾಟಕ ಮಂಡಳಿಗಳಲ್ಲಿ ಸ್ತ್ರೀಪಾತ್ರ ಮಾಡಿ ಮಹಾರಾಷ್ಟ್ರವನ್ನೆಲ್ಲ ಗೆದ್ದ ಸವಾಯಿ ಗಂಧರ್ವರು ಕೊನೆಗೆ ಕುಂದಗೋಳಕ್ಕೇ ಮರಳಿದರು. ಆಗ ಅವರ ಮನೆಯೇ ಶಿಷ್ಯರ ತಂಗುದಾಣವಾಯಿತು. ಗದಗಿನ ಹುಡುಗ ಭೀಮಸೇನ ಜೋಶಿ ಗುರುವನ್ನು ಹುಡುಕುತ್ತ ಉತ್ತರ ಭಾರತವನ್ನೆಲ್ಲ ಅಲೆದು, 1936ರ ಸುಮಾರಿಗೆ ಇಲ್ಲಿ ನೆಲೆ ನಿಂತರು. ಗುರುಮನೆಯಲ್ಲಿ ಉಳಿಯುವುದಕ್ಕೆ ಬಾಡಿಗೆಯೆಂದರೆ ದುಡಿಮೆ. ದೂರದಿಂದ ಕೊಡಗಟ್ಟಲೆ ನೀರು ಹೊತ್ತು ತರುವುದು ಭೀಮಸೇನರ ದಿನದ ಕೆಲಸವಾಗಿತ್ತು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಮುಗಿಸಿ ರೈಲಿನಲ್ಲೇ ಮರಳುತ್ತಿದ್ದರು. ರಾತ್ರಿ ಅವರನ್ನು ನಿಲ್ದಾಣದವರೆಗೆ ಬಿಟ್ಟುಬರುತ್ತಿದ್ದವರು ಭೀಮಸೇನರು. ಇದೇ ತಾಲ್ಲೂಕಿನ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರು ಅವರೂ ಪಂಚಾಕ್ಷರಿ ಗವಾಯಿಗಳ ಬಳಿ ಕಲಿತ ಮೇಲೆ ಸವಾಯಿ ಗಂಧರ್ವರಿಂದ ಪಾಠ ಪಡೆದರು.

ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ಅವರ ನೆನಪಿನ ಪುಣೆಯ ಉತ್ಸವ ಜಗತ್ಪ್ರಸಿದ್ಧ. ಆದರೆ ನಾಡಗೇರ ವಾಡೆಯ ಪುಣ್ಯತಿಥಿ ಸಂಗೀತೋತ್ಸವಕ್ಕೆ ತನ್ನದೇ ತೂಕವಿದೆ. ಪ್ರತಿ ಸೆಪ್ಟೆಂಬರಿನಲ್ಲಿ, ಮಳೆಗಾಲದ ಹಸಿಯಿನ್ನೂ ಆರದ ದಿನಗಳಲ್ಲಿ, ವಾಡೆಯ ಕೆತ್ತನೆಯ ಕಂಬಗಳ ನಡುವೆ ರಾತ್ರಿಯಿಡೀ ಹಾಡು ನಡೆಯುತ್ತದೆ. ಗಂಗೂಬಾಯಿ, ಭೀಮಸೇನರು ಖ್ಯಾತಿಯ ತುದಿಯಲ್ಲಿದ್ದಾಗಲೂ ಇಲ್ಲಿಗೆ ಬಂದು ಹಾಡಿದರು. ಕೇಳುವವರಲ್ಲಿ ಸುತ್ತಣ ಹಳ್ಳಿಗಳ ರೈತರು, ಮಾಸ್ತರರು, ಹುಬ್ಬಳ್ಳಿ-ಧಾರವಾಡದಿಂದ ಬಂದವರು ಎಲ್ಲರೂ ನೆಲದ ಹಾಸಿನ ಮೇಲೆ ಒತ್ತೊತ್ತಾಗಿ ಕೂರುತ್ತಾರೆ. ಭೈರವಿ ಮುಗಿಯುವ ಹೊತ್ತಿಗೆ ಮೊದಲ ಬಸ್ಸು ಬಂದಿರುತ್ತದೆ. ಮಲಗಲು ಕೋಣೆ ಬೇಕೆಂದು ಯಾರೂ ಕೇಳುವುದಿಲ್ಲ.

ಸ್ವಾತಂತ್ರ್ಯಾನಂತರ ಎರಡು ಬದಲಾವಣೆಗಳು ಹಳೆಯ ಪದ್ಧತಿಯ ಬುಡ ಸಡಿಲಿಸಿದವು. ಬಸ್ಸು ಬಂದ ಮೇಲೆ ಹೋದ ಕೆಲಸ ಮುಗಿಸಿ ಅದೇ ಸಂಜೆ ಮನೆ ಸೇರುವುದು ಸಾಧ್ಯವಾಯಿತು. ಭೂಸುಧಾರಣೆಯ ನಂತರ ದೊಡ್ಡ ಮನೆತನಗಳಿಗೆ ನೂರಾರು ಜನರಿಗೆ ಊಟವಿಕ್ಕುವ ಆದಾಯ ಉಳಿಯಲಿಲ್ಲ. ಉಳುವವನಿಗೆ ಭೂಮಿ ಸಿಕ್ಕಿದ್ದು ಸರಿಯಾದ ಕೆಲಸ. ವಾಡೆಗಳ ಮಾಳಿಗೆ ಸೋರತೊಡಗಿದ್ದು ಅದರ ಜೊತೆಯಲ್ಲೇ ಬಂದ ನಷ್ಟ. ಪಾಲಾದ ಮನೆಗಳ ಕಂಬ, ಬಾಗಿಲು, ಬೋದಿಗೆಗಳು ಹಳೆಯ ಮರದ ವ್ಯಾಪಾರಿಗಳ ಕೈಸೇರಿ ನಗರಗಳ ಹೋಟೆಲು, ರೆಸಾರ್ಟುಗಳಿಗೆ ಹೋದವು. ಪೇಟೆಗಳಲ್ಲಿ ಖಾನಾವಳಿ, ಲಾಡ್ಜುಗಳು ಬಂದವು. ಮದುವೆ ಮನೆಯಂಗಳದಿಂದ ಕಲ್ಯಾಣಮಂಟಪಕ್ಕೆ ಹೋಯಿತು, ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಜಮಖಾನೆಗೆ ಗಿರಾಕಿ ತಪ್ಪಿದ್ದು ಇಲ್ಲಿಯೇ.

ಹಳೆಯ ಮನೆಗಳ ಅಂದವನ್ನು ಬೇರೆಡೆ ಮತ್ತೆ ಕಟ್ಟುವ ಪ್ರಯತ್ನಗಳೂ ನಡೆದಿವೆ. ಕಡಲ ತೀರಕ್ಕೆ ಹತ್ತಿರದ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹೆರಿಟೇಜ್ ವಿಲೇಜಿನಲ್ಲಿ ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್ ಮುಂತಾದ ಉತ್ತರ ಕರ್ನಾಟಕದ ಕಟ್ಟಡಗಳು ಕರಾವಳಿಯ ಮನೆಗಳ ಪಕ್ಕದಲ್ಲಿ ನಿಂತಿವೆ. ಕುಂದಗೋಳಕ್ಕೆ ಹತ್ತಿರದ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಉತ್ಸವ ರಾಕ್ ಗಾರ್ಡನ್ ಕಟ್ಟಿ, ಹಳ್ಳಿಯ ಮನೆ, ಕಸುಬು, ಜನರನ್ನು ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದರು. ಎರಡೂ ಶ್ರದ್ಧೆಯ ಕೆಲಸಗಳು. ಆದರೆ ಅವು ಹೆಚ್ಚಾಗಿ ನೋಡಿ ಮರಳುವ ಜಾಗಗಳು. ನವಲಗುಂದದ ಮಗ್ಗಕ್ಕೂ ಕಲಘಟಗಿಯ ತಿರುಗಣೆಗೂ ಕೆಲಸ ಸಿಗಬೇಕಾದರೆ, ಈಗ ಹೊಸದಾಗಿ ತೆರೆಯುತ್ತಿರುವ ಹೋಂಸ್ಟೇ, ಹೋಟೆಲುಗಳು ಅಲಂಕಾರಕ್ಕೆ ಹಳೆಯ ಕಂಬ ಹುಡುಕುವ ಬದಲು ಇಂದಿನ ನೇಕಾರ್ತಿಗೆ, ಇಂದಿನ ಚಿತ್ರಗಾರನಿಗೆ ನೇರವಾಗಿ ಬೇಡಿಕೆ ಕೊಡಬೇಕಾಗುತ್ತದೆ. ಜಮಖಾನೆಯ ಉದ್ದಗಲ, ಬಣ್ಣವನ್ನು ಕೊಳ್ಳುವವರ ಕೋಣೆಗೆ ತಕ್ಕಂತೆ ಹೊಂದಿಸಿ ನೇಯುವುದು ಆ ಮಗ್ಗಕ್ಕೆ ಮೊದಲಿನಿಂದಲೂ ಗೊತ್ತಿರುವ ಕೆಲಸ.